ಬಟಾಣಿ ಎಣಿಸಿದ ಕೈ

ಗ್ರೆಗರ್ ಮೆಂಡೆಲ್‌ನ ಬಟಾಣಿ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆತನ ಕೈಕೆಲಸ. ಬಟಾಣಿ ಹೂವು ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಹಾಗಾಗಿ ಬ್ರನೋದ ಮಠದ ತೋಟದಲ್ಲಿ ಆತ ಮೊಗ್ಗು ಬಲಿಯುವ ಮುನ್ನವೇ ಬಿಡಿಸಿ, ಕೇಸರಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗ ಸವರುತ್ತಿದ್ದ. 1856ರಿಂದ ಎಂಟು ವರ್ಷ ಇದೇ ಕೆಲಸ.

ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದರೆ ಹುಟ್ಟಿದ್ದೆಲ್ಲ ದುಂಡು. ಆ ಸಂಕರ ಗಿಡಗಳು ತಾವೇ ಕಾಯಿ ಕಟ್ಟಿದಾಗ ಸುಕ್ಕು ಮರಳಿತು: 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಬೇರೆಯವರಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದರೇನೋ. ಮೆಂಡೆಲ್ ಆ ದುಂಡು ಕಾಳುಗಳನ್ನೂ ಬಿತ್ತಿ ನೋಡಿದ. ಬೆಳೆದ 565 ಗಿಡಗಳಲ್ಲಿ 193 ಬರೀ ದುಂಡು ಕೊಟ್ಟವು. 372 ಎರಡನ್ನೂ ಕೊಟ್ಟವು. ಕಣ್ಣಿಗೆ ಒಂದೇ ಥರ ಕಾಣುವ ಕಾಳುಗಳಲ್ಲಿ ಮೂರರಲ್ಲಿ ಎರಡು ಪಾಲು ಸುಕ್ಕಿನ ಅಂಶವನ್ನು ಬಚ್ಚಿಟ್ಟುಕೊಂಡಿದ್ದವು! ತಾಯಿಯಿಂದೊಂದು, ತಂದೆಯಿಂದೊಂದು ಅಂಶ ಬರುತ್ತದೆ. ಪ್ರಬಲವಾದದ್ದು ಮೇಲೆ ಕಾಣುತ್ತದೆ, ಇನ್ನೊಂದು ಅಳಿಯದೆ ಮುಂದಿನ ತಲೆಮಾರಿಗೆ ದಾಟುತ್ತದೆ. ಕಣ್ಣಿಗೆ ಬೀಳದ ಆ ಜೋಡಿಯನ್ನು ಆತ ಬರೀ ಎಣಿಕೆಯಿಂದ ಹಿಡಿದ. 1866ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ಲೆಕ್ಕವೆಲ್ಲ ಒಂದೊಂದಾಗಿ ದಾಖಲಾಗಿದೆ.