ದೇವಾಲಯದ ಜೀರ್ಣೋದ್ಧಾರವೂ ದ್ರವ್ಯದ ಧರ್ಮವೂ

ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ವೀರಭದ್ರನ ಗುಡಿಯ ಪ್ರಾಕಾರದೊಳಗೆ, ಕಲ್ಯಾಣಮಂಟಪವೊಂದು ಅಪೂರ್ಣವಾಗಿ ನಿಂತಿದೆ. ವಿಜಯನಗರದ ಅಚ್ಯುತರಾಯನ ಅಧಿಕಾರಿಯಾಗಿದ್ದ ವಿರೂಪಣ್ಣನು ಅರಸನ ಅನುಜ್ಞೆಯಿಲ್ಲದೆ ಬೊಕ್ಕಸದ ಹಣವನ್ನು ಆ ಗುಡಿಗೆ ವಿನಿಯೋಗಿಸಿದನೆಂದೂ, ದಂಡನೆಯ ಸುದ್ದಿ ತಿಳಿದೊಡನೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದೂ, ಮಂಟಪದ ಕೆಲಸ ಅಲ್ಲಿಗೇ ನಿಂತುಹೋಯಿತೆಂದೂ ಐತಿಹ್ಯವುಂಟು. ಅದು ನಡೆದ ಸಂಗತಿಯೋ ಕಟ್ಟುಕಥೆಯೋ, ಅದರ ನಿರ್ಣಯ ಇತಿಹಾಸಕಾರರಿಗೆ ಸೇರಿದ್ದು. ದೇವರ ಕಟ್ಟಡವಾದರೂ ಲೆಕ್ಕದಿಂದ ವಿನಾಯಿತಿಯಿಲ್ಲ ಎಂಬ ತೀರ್ಮಾನವನ್ನು ಮಾತ್ರ ಈ ಸೀಮೆಯ ಜನ ತಲೆಮಾರುಗಳಿಂದ ಆ ಕಥೆಯ ರೂಪದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಿನ ಕ್ರೈಸ್ತ ಸಭೆಗಳು ತಮ್ಮ ಹಳೆಯ ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಲು ಹೊರಡುವಾಗ ಅನುಸರಿಸುವ ಪದ್ಧತಿಯನ್ನು ಪರಾಮರ್ಶಿಸುವುದಕ್ಕೆ ಇದಕ್ಕಿಂತ ಉಚಿತವಾದ ಪೀಠಿಕೆ ನನಗೆ ತೋರುವುದಿಲ್ಲ.

ಈ ಪ್ರದೇಶ ಕನ್ನಡಿಗರಿಗೆ ಪರಕೀಯವಲ್ಲ. ಅನಂತಪುರ ಜಿಲ್ಲೆಯು 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಲಂಡನ್ ಮಿಷನ್ನಿನ ಕೆಲಸಕ್ಕೆ ನಾಂದಿ ಹಾಡಿದ ಮೇಲೆ, ಈ ಬಯಲುಸೀಮೆಯಲ್ಲಿ ಕನ್ನಡವನ್ನೂ ತೆಲುಗನ್ನೂ ಸಮಾನವಾಗಿ ಬಳಸುವ ಸಭೆಗಳು ಕ್ರಮಕ್ರಮವಾಗಿ ಬೆಳೆದುವು. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಒಂದುಗೂಡಿ ದಕ್ಷಿಣ ಭಾರತ ಸಭೆಯಾದಾಗ ಅವುಗಳ ಸ್ಥಿರಾಸ್ತಿಯನ್ನು ಧಾರಣ ಮಾಡಲು ಒಂದು ಟ್ರಸ್ಟ್ ಅಸೋಸಿಯೇಷನ್ ಸ್ಥಾಪಿತವಾಯಿತು. ಆದುದರಿಂದ ಆ ಸಭೆಗೆ ಸೇರಿದ ಊರಿನ ದೇವಾಲಯವು ಊರಿನವರ ಭಕ್ತಿಯಿಂದ ನಡೆದರೂ, ಅದರ ಗೋಡೆಯನ್ನು ಕೆಡಹುವ ಸ್ವಾತಂತ್ರ್ಯ ಊರಿನವರಿಗೆ ಮಾತ್ರ ಸೇರಿದ್ದಲ್ಲ. ಡಯಾಸಿಸ್‌ನ ಅನುಮತಿ ಬೇಕು. ಈ ನಿಯಮವನ್ನು ಅನೇಕರು ಅಡಚಣೆಯೆಂದು ಭಾವಿಸುತ್ತಾರೆ. ಉತ್ಸಾಹದ ಭರದಲ್ಲಿ ಆಗಬಹುದಾದ ಅಪಚಾರಕ್ಕೆ ಅದೊಂದು ತಡೆಯೆಂದು ನಾನು ಭಾವಿಸುತ್ತೇನೆ.

ಈಗ ರೂಢಿಯಲ್ಲಿರುವ ಕ್ರಮವನ್ನು ನೋಡೋಣ. ಮೊದಲು ಬರುವುದು ಚಿತ್ರಪಟ: ಎತ್ತರದ ಜೋಡಿ ಗೋಪುರ, ಗಾಜಿನ ಕಿಟಕಿ, ಮುಂಭಾಗಕ್ಕೆ ಟೈಲ್ಸ್. ಅನಂತರ ಶಂಕುಸ್ಥಾಪನೆ; ಅನಂತರ ಚಂದಾ ಪುಸ್ತಕ. ಅಂದಾಜುಪಟ್ಟಿ ಬರುವುದು ಎಲ್ಲಕ್ಕೂ ಕೊನೆಗೆ, ಅದೂ ಮೇಸ್ತ್ರಿಯ ಬಾಯಿಮಾತಿನಲ್ಲಿ. ಹಳೆಯ ಕಟ್ಟಡಕ್ಕೆ ವಾಸ್ತವವಾಗಿ ಏನಾಗಿದೆ ಎಂಬ ಪರೀಕ್ಷೆ ಈ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ. ಅದೇ ಇದರ ಮೂಲದೋಷ.

ಆ ಪರೀಕ್ಷೆಯೆಂದರೆ ಏನು ಎಂಬುದನ್ನು ಒಂದು ಗೋಡೆಯ ಮುಂದೆ ನಿಂತರೆ ತಿಳಿಯಬಹುದು. ಕಲ್ಲು ಗಾರೆಗಳಿಂದ ಕಟ್ಟಿದ ಹಳೆಯ ದೇವಾಲಯದ ಗೋಡೆಗೆ, ಎಂದೋ ಒಮ್ಮೆ ‘ಭದ್ರವಾಗಲಿ’ ಎಂದು ಸಿಮೆಂಟು ಬಳಿದಿರುತ್ತಾರೆ. ಮೊಣಕಾಲೆತ್ತರದವರೆಗೆ ಆ ಸಿಮೆಂಟು ಉಬ್ಬಿರುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಚಕ್ಕೆಯನ್ನು ಎಬ್ಬಿಸಿದರೆ ಹಿಂದೆ ಬಿಳಿಯ ಉಪ್ಪು, ಅದರ ಹಿಂದೆ ಪುಡಿಯಾದ ಗಾರೆ. ಅಡಿಪಾಯದಿಂದ ಮೇಲೇರುವ ತೇವವು ಗಾರೆಯ ರಂಧ್ರಗಳಿಂದ ಹೊರಗೆ ಹೋಗುತ್ತಿದ್ದುದು, ಸಿಮೆಂಟಿನ ಹೊದಿಕೆಯಿಂದ ಒಳಗೇ ಸಿಕ್ಕಿಕೊಂಡು, ತನ್ನೊಡನೆ ತಂದ ಲವಣವನ್ನು ಅಲ್ಲಿಯೇ ಹರಳುಗಟ್ಟಿಸಿ ಗೋಡೆಯನ್ನು ತಿನ್ನುತ್ತದೆ. ಇದನ್ನು ನೋಡಿದ ಸಮಿತಿಯು ಗೋಡೆಗೆ ವಯಸ್ಸಾಯಿತು, ಕೆಡಹಬೇಕು ಎಂದು ನಿರ್ಣಯಿಸುತ್ತದೆ. ಆದರೆ ಗೋಡೆಯನ್ನು ಕೆಡಿಸಿದ್ದು ವಯಸ್ಸಲ್ಲ, ಹಿಂದಿನ ದುರಸ್ತಿ. ಸಿಮೆಂಟನ್ನು ಬಿಡಿಸಿ, ಅಡಿಪಾಯದ ಸುತ್ತ ನೀರು ನಿಲ್ಲದಂತೆ ಚರಂಡಿ ತೆಗೆದು, ಗೋಡೆ ಒಣಗಲು ಕಾಲಾವಕಾಶವಿತ್ತು ಮತ್ತೆ ಗಾರೆ ಮಾಡಿದರೆ, ಅನೇಕ ಕಟ್ಟಡಗಳು ಇನ್ನೊಂದು ತಲೆಮಾರನ್ನು ಕಾಣಬಲ್ಲುವು. ಗಾರೆಗೆ ಅಳಲೆಕಾಯಿಯ ರಸವನ್ನೂ ಬೆಲ್ಲದ ನೀರನ್ನೂ ಬೆರೆಸುವುದು ದಕ್ಷಿಣದೇಶದ ಪುರಾತನ ಸಂಪ್ರದಾಯ. ಬೆಲ್ಲದ ಮಂಡಿಗೆ ಹೆಸರಾದ ಹಿಂದೂಪುರದಲ್ಲಿ ಆ ದ್ರವ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಆ ಕೆಲಸವನ್ನು ಬಲ್ಲ ಗಾರೆಯವರಿಗೆ ಮತ್ತು ಅದು ಕೇಳುವ ತಾಳ್ಮೆಗೆ.

ಇನ್ನು ದ್ರವ್ಯದ ವಿಚಾರ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುವ, ಕಡಲೆಕಾಯಿಯನ್ನೇ ನಂಬಿ ಬಹುಮಟ್ಟಿಗೆ ಬದುಕುವ ನಾಡಿದು. ಇಲ್ಲಿನ ಸಭೆಯ ಆದಾಯಕ್ಕೆ ತಿಂಗಳ ಸಂಬಳದ ನಿಯತತ್ವವಿಲ್ಲ. ಭಾನುವಾರದ ಕಾಣಿಕೆ, ಸ್ತ್ರೀಯರು ಅಡುಗೆಗೆ ಅಳೆಯುವಾಗ ತೆಗೆದಿಡುವ ಹಿಡಿ ಅಕ್ಕಿ, ಕೊಯ್ಲಿನ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ, ಕಡಲೆಕಾಯಿ ಮೂಟೆಗಳ ಹರಾಜು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಕಳುಹಿಸುವ ಹಣ, ಇವೇ ಸಭೆಯ ನಿಜವಾದ ಬಂಡವಾಳ. ಇಂಥ ಆದಾಯಕ್ಕೆ ಹೊಂದತಕ್ಕ ಯೋಜನೆಯು ಹಂತಹಂತವಾಗಿ ನಡೆಯುವುದಾಗಿರಬೇಕು: ಒಂದು ಸುಗ್ಗಿಗೆ ಮಾಳಿಗೆ, ಇನ್ನೊಂದು ಸುಗ್ಗಿಗೆ ಗೋಡೆ, ಮಳೆ ಕೈಕೊಟ್ಟ ವರ್ಷ ಬರಿಯ ಚರಂಡಿ. ಚಿತ್ರಪಟದಿಂದ ಹೊರಟ ಯೋಜನೆಗೆ ಈ ವಿರಾಮ ಸಹಿಸದು. ಮಾಳಿಗೆಯನ್ನು ಬಿಚ್ಚಿದ ಮೇಲೆ ನಿಲ್ಲುವಂತಿಲ್ಲ. ಆಗ ಬಡ್ಡಿಯ ಸಾಲ, ಅದರ ಹಿಂದೆ ಮನಸ್ತಾಪ, ಶಾಮಿಯಾನದ ಕೆಳಗೆ ವರ್ಷಗಟ್ಟಲೆ ಆರಾಧನೆ.

ಹೊರಗಿನ ನೆರವನ್ನು ನಾನು ಹಳಿಯುವುದಿಲ್ಲ. ಆಂಧ್ರಪ್ರದೇಶದಲ್ಲಿ ಕ್ರೈಸ್ತ ಅಲ್ಪಸಂಖ್ಯಾತರ ಹಣಕಾಸು ನಿಗಮದ ಮೂಲಕ ಚರ್ಚುಗಳ ನಿರ್ಮಾಣ ದುರಸ್ತಿಗಳಿಗೆ ಸಹಾಯಧನದ ಏರ್ಪಾಡುಂಟು. ಪ್ರಜೆಗಳ ಹಣವಾದ ಅದನ್ನು ಕೋರುವುದರಲ್ಲಿ ಲಜ್ಜೆಯಿಲ್ಲ. ವಿದೇಶದ ದಾನದ ಮಾತು ಬೇರೆ. ವಿದೇಶೀ ದೇಣಿಗೆ ಕಾಯಿದೆಗೆ ಆದ 2020ರ ತಿದ್ದುಪಡಿಯ ತರುವಾಯ ಅಂಥ ಹಣವು ನೋಂದಾಯಿತ ಸಂಸ್ಥೆಗೆ ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಯ ಖಾತೆಯ ಮೂಲಕವೇ ಬರಬೇಕು. ಬಂದದ್ದನ್ನು ಅದು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮಿಷನ್ನಿನ ಕಾಲದ ನೆನಪಿನಿಂದ ಸಮುದ್ರದಾಚೆಯ ಧರ್ಮಿಷ್ಠರನ್ನು ನಂಬಿ ಗೋಡೆ ಒಡೆಯುವ ಸಮಿತಿಯು ಈ ಕಾನೂನನ್ನು ಓದದೆ ಒಡೆಯುತ್ತಿದೆ ಎಂದೇ ಹೇಳಬೇಕು. ಇದಕ್ಕೂ ಹೆಚ್ಚಿನ ಹಾನಿ ದಾತೃಗಳ ಹೆಸರಿನ ಶಿಲಾಫಲಕಗಳಿಂದ. ಕಿಟಕಿಗೊಬ್ಬರು, ಬೆಂಚಿಗೊಬ್ಬರು ದಾನಿಗಳು ಸುಲಭವಾಗಿ ದೊರೆಯುತ್ತಾರೆ. ನೆಲದೊಳಗೆ ಮರೆಯಾಗುವ ಚರಂಡಿಗೆ ದಾನಿಗಳಿಲ್ಲ. ಹೀಗೆ ಕಾಣುವ ಭಾಗಕ್ಕೆ ಹಣವು ಹರಿದು, ಕಟ್ಟಡವನ್ನು ಉಳಿಸುವ ಭಾಗವು ಬರಿದಾಗುತ್ತದೆ.

ಈ ವಿಷಯದಲ್ಲಿ ಸಭೆಗಳು ಬೇರೆ ಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ಅರಸುಗಳ ಎರಡನೆಯ ಭಾಗದ ಹನ್ನೆರಡನೆಯ ಅಧ್ಯಾಯದಲ್ಲಿ ಯೋವಾಷನ ಆಳಿಕೆಯ ವೃತ್ತಾಂತ ಬರುತ್ತದೆ. ದುರಸ್ತಿಗೆಂದು ಯಾಜಕರು ಹಣವನ್ನು ತೆಗೆದುಕೊಳ್ಳುತ್ತಲೇ ಇದ್ದರೂ, ಅರಸನ ಇಪ್ಪತ್ತಮೂರನೆಯ ವರ್ಷದವರೆಗೆ ದೇವಾಲಯದ ಬಿರುಕುಗಳು ಹಾಗೆಯೇ ಇದ್ದುವು. ಆಗ ಯಾಜಕನಾದ ಯೆಹೋಯಾದನು ಪೆಟ್ಟಿಗೆಯೊಂದರ ಮುಚ್ಚಳಕ್ಕೆ ರಂಧ್ರ ಮಾಡಿ ಯಜ್ಞವೇದಿಯ ಪಕ್ಕದಲ್ಲಿ ಇಟ್ಟನು. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿಯೇ ಎಣಿಸಿದರು. ಎಣಿಸಿದ ಹಣವು ಬಡಗಿಗಳಿಗೂ ಕಲ್ಲುಕುಟಿಗರಿಗೂ ಮರಕ್ಕೂ ಕಲ್ಲಿಗೂ ಹೋಯಿತೇ ಹೊರತು ಬೆಳ್ಳಿಬಂಗಾರದ ಪಾತ್ರೆಗಳಿಗಲ್ಲ. ಸಂಗ್ರಹಿಸುವವನೂ ವೆಚ್ಚ ಮಾಡುವವನೂ ಒಬ್ಬನೇ ಆಗಕೂಡದು, ಎಣಿಕೆ ಇಬ್ಬರೆದುರಿಗೆ ಆಗಬೇಕು, ಅಲಂಕಾರಕ್ಕೆ ಮುನ್ನ ಬಿರುಕು ಮುಚ್ಚಬೇಕು: ಈಗಿನ ಆಡಿಟರು ಹೇಳಬಹುದಾದುದೆಲ್ಲ ಅಲ್ಲಿಯೇ ಇದೆ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಕೆಂಬ ಲೂಕನ ಸುವಾರ್ತೆಯ ಉಪದೇಶವನ್ನು ಕೇಳದ ಸಭೆಯೂ ಇಲ್ಲ.

ಉತ್ತಮ ನಿದರ್ಶನಗಳಿಗೂ ದೂರ ಹೋಗಬೇಕಾಗಿಲ್ಲ. ಮೆದಕಿನಲ್ಲಿ ಚಾರ್ಲ್ಸ್ ಪಾಸ್ನೆಟ್ಟರು ಕ್ಷಾಮಕಾಲದಲ್ಲಿ ಜನಕ್ಕೆ ಕೆಲಸವನ್ನೂ ಅನ್ನವನ್ನೂ ಒದಗಿಸಿ ಕಟ್ಟಿಸಿದ ಮಹಾದೇವಾಲಯವು 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠಿತವಾಯಿತು. ಅಲ್ಲಿ ವೆಚ್ಚವಾದ ಹಣವು ಹಸಿದವರ ಮನೆಗೆ ಸೇರಿತು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಆಂತೋನಿಯೊ ಮೊಸ್ಕೇನಿ 1899ರಿಂದ ಬರೆದ ಚಿತ್ರಗಳು ತೇವದಿಂದ ಮಂಕಾಗಿದ್ದಾಗ, ಅವುಗಳ ಮೇಲೆ ಹೊಸ ಬಣ್ಣ ಬಳಿಯದೆ, 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರಿಂದ ಸಂರಕ್ಷಣೆ ಮಾಡಿಸಿದರು. ಕಲ್ಯಾಣದುರ್ಗದ ಸಭೆಗೆ ಮೊಸ್ಕೇನಿಯ ಚಿತ್ರಗಳಿಲ್ಲ, ಪಾಸ್ನೆಟ್ಟರ ಸಂಪನ್ಮೂಲವೂ ಇಲ್ಲ. ಆದರೆ ಇದ್ದುದನ್ನು ಅರಿತವರಿಂದ ಪರೀಕ್ಷಿಸುವ ವಿವೇಕಕ್ಕೂ, ಊರಿನ ಕೂಲಿಗಾರನ ಕೈಗೆ ಹಣ ಸೇರಲಿ ಎಂಬ ಸಂಕಲ್ಪಕ್ಕೂ ಐಶ್ವರ್ಯ ಬೇಕಾಗಿಲ್ಲ.

ಪ್ರತಿವಾದವನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ಸಭೆ ಬೆಳೆದಿದೆ, ಹಬ್ಬದ ದಿನ ಅರ್ಧ ಜನ ಹೊರಗೆ ನಿಲ್ಲುತ್ತಾರೆ, ಗೆದ್ದಲು ಹಿಡಿದ ತೊಲೆಗಳ ಕೆಳಗೆ ಮಕ್ಕಳನ್ನು ಕೂರಿಸುವುದು ಹೇಗೆ ಎಂಬ ಪ್ರಶ್ನೆ ಯಥಾರ್ಥವಾದುದು. ಕೆಲವು ಕಟ್ಟಡಗಳನ್ನು ಕೆಡಹಲೇಬೇಕು. ದೊಡ್ಡ ಪೇಟೆಯ ದೇವಾಲಯಗಳಂತೆ ತಮ್ಮದೂ ಕಂಗೊಳಿಸಲಿ ಎಂದು ದೀರ್ಘಕಾಲ ಅವಮಾನವನ್ನು ಉಂಡ ಜನ ಬಯಸಿದರೆ ಆ ಬಯಕೆಯಲ್ಲಿಯೂ ಮಾನವಿದೆ. ಆ ಜನದ ಮಾನವನ್ನು ಕಾಪಾಡಬೇಕೆಂದೇ ನಾನು ಲೆಕ್ಕದ ವಿಷಯದಲ್ಲಿ ಕಠಿನನಾಗಿದ್ದೇನೆ: ಅರ್ಧಕ್ಕೆ ನಿಂತ ಗೋಪುರದಿಂದ ಆಗುವ ಅವಮಾನ ಸಣ್ಣ ದೇವಾಲಯದಿಂದ ಆಗುವುದಿಲ್ಲ.

ಆದುದರಿಂದ ಕ್ರಮವು ತಿರುಗಬೇಕು. ಮೊದಲು ಇಂಜಿನಿಯರರ ಲಿಖಿತ ಪರೀಕ್ಷೆ. ಅನಂತರ ಬಾಬುವಾರು ಅಂದಾಜು, ಡಯಾಸಿಸ್‌ನ ಅನುಮತಿ. ಆಯಾ ಹಂತಕ್ಕೆ ಬೇಕಾದ ಹಣ ಕೈಗೆ ಬಂದ ಮೇಲೆಯೇ ಆ ಹಂತದ ಆರಂಭ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಜಮಾಖರ್ಚನ್ನು ಆರಾಧನೆಯ ನಡುವೆಯೇ, ಓದುಬಾರದವರಿಗೂ ತಿಳಿಯುವಂತೆ, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಓದಿ ಹೇಳುವುದು. ಹಿಡಿ ಅಕ್ಕಿ ಕೊಟ್ಟ ವಿಧವೆಗೂ ಮೂಟೆ ಕೊಟ್ಟ ಸಾಹುಕಾರನಿಗೂ ಆ ಲೆಕ್ಕವನ್ನು ಪ್ರಶ್ನಿಸುವ ಅಧಿಕಾರ ಸಮವಾಗಿರಬೇಕು. ಆ ಅಧಿಕಾರವನ್ನು ಕೊಡಲೊಲ್ಲದ ಸಮಿತಿಯು ಕಟ್ಟಡದ ಕೆಲಸಕ್ಕೆ ಕೈಹಾಕಲು ಇನ್ನೂ ಅರ್ಹವಾಗಿಲ್ಲ.