ಹಾಸನದವರ ಕೈಚಳಕ

ಕಡೂರು, ತರೀಕೆರೆ ಕಡೆಯ ತಾರಸಿಗಳ ಮೇಲಿನ ಡಿಡಿ ಫ್ರೀ ಡಿಶ್ ತಟ್ಟೆಗಳೆಲ್ಲ ಆಗ್ನೇಯಕ್ಕೇ ಮುಖ ಮಾಡಿರುತ್ತವೆ. ಅವು ನೋಡುತ್ತಿರುವುದು ಸಮಭಾಜಕದ ನೆತ್ತಿಯಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿರುವ ಜಿಸ್ಯಾಟ್-15 ಉಪಗ್ರಹವನ್ನು. ಒಮ್ಮೆ ಸ್ಪ್ಯಾನರ್ ಹಿಡಿದು ಬಿಗಿದರೆ ಮುಗಿಯಿತು. ಗಾಳಿಗೋ ಕೋತಿ ಕಾಟಕ್ಕೋ ಅಲುಗದಿದ್ದರೆ ಮತ್ತೆ ತಿರುಗಿಸಬೇಕಿಲ್ಲ.

ಉಪಗ್ರಹ ಸದಾ ಒಂದೇ ಕಡೆ ನಿಂತಂತೆ ಕಾಣುವ ಈ ಸ್ಥಿರತೆ ಪುಕ್ಕಟೆ ಸಿಕ್ಕಿದ್ದಲ್ಲ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಏರಿಯಾನ್-5 ರಾಕೆಟ್ 3,164 ಕಿಲೋ ತೂಕದ ಈ ಉಪಗ್ರಹವನ್ನು ಬಿಟ್ಟದ್ದು ಉದ್ದನೆಯ ಅಂಡಾಕಾರದ ಹಾದಿಯಲ್ಲಿ: ಒಂದು ತುದಿ ಭೂಮಿಯಿಂದ ಕೆಲವೇ ನೂರು ಕಿ.ಮೀ., ಇನ್ನೊಂದು ಸುಮಾರು 36,000. ಚಪ್ಪಾಳೆ ಅಲ್ಲಿಗೇ ಮುಗಿಯುತ್ತದೆ. ಅಸಲಿ ಕಸುಬು ಆಮೇಲಿನದು. ಅದು ನಡೆಯುವುದು ಪಕ್ಕದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ.

ದೂರದ ತುದಿಗೆ ಬಂದಾಗ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಅದೇ ಎತ್ತರದಲ್ಲಿ ದುಂಡಗೆ ಸುತ್ತಲು ಬೇಕಾದದ್ದು 3.07. ಗಳಿಗೆ ನೋಡಿ ಹಾಸನದಿಂದ ಆಜ್ಞೆ ಹೋಗುತ್ತದೆ, ಎಂಜಿನ್ ಉರಿಯುತ್ತದೆ. ಒಂದೇ ಏಟಿಗಲ್ಲ, ಕಂತು ಕಂತಾಗಿ; ಪ್ರತಿ ಸಲವೂ ಹಾದಿ ಅಳೆದು, ಲೆಕ್ಕ ಹಾಕಿಯೇ ಮುಂದಿನದು.

ಹಾದಿ ದುಂಡಗಾದ ಮೇಲೂ ಬಿಡುವಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಉತ್ತರ-ದಕ್ಷಿಣಕ್ಕೆ ವಾಲತೊಡಗುತ್ತದೆ. ಒಳಗಿನ ಇಂಧನ ತೀರುವವರೆಗೂ ಪುಟ್ಟ ಥ್ರಸ್ಟರ್‌ಗಳನ್ನು ಉರಿಸಿ ಅದನ್ನು ಜಾಗಕ್ಕೆ ತರುತ್ತಲೇ ಇರಬೇಕು.