ಎಣಿಕೆಗೆ ಮುನ್ನ ಮನೆಮಾತು: ಸ್ವಲೀನತೆಯ ವ್ಯಾಕರಣಮಾಪನವನ್ನು ಕೊಡಗಿನಿಂದ ನೋಡಿದಾಗ

ಸ್ವಲೀನತೆಯುಳ್ಳ ಮಕ್ಕಳ ವ್ಯಾಕರಣವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಇಂಗ್ಲಿಷಿನ ಸಾಮಗ್ರಿಯನ್ನು ಆಧರಿಸಿದೆ. 1943ರಲ್ಲಿ ಲಿಯೊ ಕ್ಯಾನರ್ ಗುರುತಿಸಿದ ಸರ್ವನಾಮ ವಿಪರ್ಯಯ, ಎಂದರೆ ಮಗು ತನ್ನನ್ನೇ 'ನೀನು' ಎಂದುಕೊಳ್ಳುವುದು, ಈಗಲೂ ಆ ಚರ್ಚೆಯ ಮುಖ್ಯ ಲಕ್ಷಣಗಳಲ್ಲೊಂದು. ಕನ್ನಡದಲ್ಲಿ ಅದನ್ನು ಎಲ್ಲಿ ಹುಡುಕಬೇಕು? ಇಲ್ಲಿ ಕರ್ತೃಪದ ಲೋಪವಾಗಬಹುದು. ಆಗ ಪುರುಷಸೂಚನೆ 'ಬರ್ತೀನಿ', 'ಬರ್ತೀಯ' ಎಂಬಲ್ಲಿನ ಪ್ರತ್ಯಯದಲ್ಲಿ ಉಳಿಯುತ್ತದೆ. ಕೋರಿಕೆಯ 'ಬೇಕು' ರಚನೆಯಲ್ಲಿ ಅದೂ ಇಲ್ಲ. 'ಹಾಲು ಬೇಕಾ?' ಎಂಬ ತಾಯಿಯ ಪ್ರಶ್ನೆಯನ್ನೇ ಮಗು ಕೋರಿಕೆಯಾಗಿ ಮರುನುಡಿದರೆ, ವಿಪರ್ಯಯಕ್ಕೆ ಉಳಿಯುವ ಕುರುಹು ಆ ಪ್ರಶ್ನಾರ್ಥಕ '-ಆ' ಮಾತ್ರ. ಸರ್ವನಾಮಗಳನ್ನಷ್ಟೇ ಎಣಿಸುವ ಅಧ್ಯಯನಕ್ಕೆ ಇದು ಕಾಣದು.

ಪ್ರತ್ಯಯಲೋಪದ ಮಾತೂ ಹೀಗೆಯೇ. ರಾಬರ್ಟ್ಸ್, ರೈಸ್ ಮತ್ತು ಟೇಗರ್-ಫ್ಲಸ್‌ಬರ್ಗ್ 2004ರಲ್ಲಿ, ಭಾಷಾದೌರ್ಬಲ್ಯವೂ ಇರುವ ಸ್ವಲೀನ ಮಕ್ಕಳು ಕಾಲಸೂಚಕಗಳನ್ನು ಬಿಡುವುದನ್ನು ತೋರಿಸಿದರು. ಕನ್ನಡದ 'ಮಾಡು' ಧಾತುವೂ ಹೌದು, ವಿಧಿರೂಪವೂ ಹೌದು. 'ಅಮ್ಮ ಮಾಡು' ಎಂಬುದು ಲೋಪವೋ ಆಜ್ಞೆಯೋ ಎಂಬುದನ್ನು ಸಂದರ್ಭವಿಲ್ಲದ ಲಿಪ್ಯಂತರ ಹೇಳಲಾರದು.

ಕೊಡಗಿನಲ್ಲಿ ತೊಡಕು ಇನ್ನೂ ಆಳಕ್ಕಿಳಿಯುತ್ತದೆ. ಕನ್ನಡದ ಪ್ರಥಮಪುರುಷ ಕ್ರಿಯಾಪದ ಲಿಂಗವನ್ನು ಸೂಚಿಸುತ್ತದೆ: 'ಬಂದನು', 'ಬಂದಳು', 'ಬಂದಿತು'. ಕೊಡವ ತಕ್ಕಿನ ಕ್ರಿಯಾಪದ ಅಲ್ಲಿ ಲಿಂಗಭೇದ ಮಾಡುವುದಿಲ್ಲ. ಮಲಯಾಳದಲ್ಲಂತೂ 'ಞಾನ್ ವನ್ನು', 'ಅವನ್ ವನ್ನು', 'ಅವಳ್ ವನ್ನು' ಎಂದು ಕ್ರಿಯಾರೂಪ ಒಂದೇ. 2011ರ ಜನಗಣತಿ 1,13,857 ಕೊಡವ ಭಾಷಿಕರನ್ನು ದಾಖಲಿಸಿದೆ. ಇಂಥ ಮನೆಗಳ ಮಕ್ಕಳು ಕನ್ನಡವನ್ನು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಎದುರುಗೊಳ್ಳುವುದುಂಟು. ಆ ಮಗು 'ಅಕ್ಕ ಬಂತು' ಎಂದರೆ ಅದನ್ನು ವ್ಯಾಕರಣದೋಷವೆಂದು ಗುರುತಿಸುವುದು ಸುಲಭ, ಸಮರ್ಥಿಸುವುದು ಕಷ್ಟ. (ಹವ್ಯಕ ಕನ್ನಡದಲ್ಲಿ ಸ್ತ್ರೀಯರಿಗೆ ನಪುಂಸಕರೂಪ ಸಹಜ; ಅಲ್ಲಿ ದೋಷವೆನ್ನಲು ಕನ್ನಡೇತರ ಮನೆಮಾತಿನ ನೆಪವೂ ಇಲ್ಲ.)

ಪ್ರತಿಭಾ ಕಾರಂತರು ಕನ್ನಡಕ್ಕೆ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಇಂಗ್ಲಿಷ್ ಪರೀಕ್ಷೆಗಳ ಅನುವಾದಕ್ಕಿಂತ ಬಹಳ ಮುಂದಿನ ಹೆಜ್ಜೆ. ಲಿಂಗ-ವಚನ-ಪುರುಷ ಪ್ರತ್ಯಯಗಳಿಗೆ, ವಿಭಕ್ತಿಗಳಿಗೆ ಅದರಲ್ಲಿ ಪ್ರತ್ಯೇಕ ಭಾಗಗಳಿವೆ. ಆದರೆ ಅದರ ವಾಕ್ಯರಚನಾ ವಿಭಾಗ ವಾಕ್ಯ ಸರಿಯೋ ತಪ್ಪೋ ಎಂಬ ತೀರ್ಪನ್ನು ಕೇಳುತ್ತದೆ. ಭಾಷೆಯನ್ನೇ ವಸ್ತುವಾಗಿಸಿಕೊಂಡು ತೀರ್ಪು ನೀಡುವುದು ವ್ಯಾಕರಣಜ್ಞಾನಕ್ಕಿಂತ ಬೇರೆಯಾದ ಸಾಮರ್ಥ್ಯ. ಪರೀಕ್ಷಕರ ಅಪೇಕ್ಷೆಯನ್ನು ಗ್ರಹಿಸುವುದೇ ಕಷ್ಟವಾದ ಮಗುವಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ.

ಇದು ಪದ್ಧತಿಯ ಸೂಕ್ಷ್ಮವಷ್ಟೇ ಅಲ್ಲ. ಸ್ವಲೀನತೆಯುಳ್ಳ ಎಲ್ಲ ಮಕ್ಕಳಿಗೂ ವ್ಯಾಕರಣದ ತೊಂದರೆಯಿಲ್ಲವೆಂಬುದನ್ನು ಶೆಲ್ಗಾರ್ಡ್ ಮತ್ತು ಟೇಗರ್-ಫ್ಲಸ್‌ಬರ್ಗ್ 2001ರಲ್ಲೇ ತೋರಿಸಿದ್ದಾರೆ. ಯಾವ ಮಗು ಯಾವ ಗುಂಪಿನದು ಎಂಬುದರ ಮೇಲೆ ಚಿಕಿತ್ಸೆಯ ಗುರಿ ನಿಲ್ಲುತ್ತದೆ. ಮನೆಮಾತಿನ ಪ್ರಭಾವವನ್ನು ದೌರ್ಬಲ್ಯವೆಂದು ಎಣಿಸಿದರೆ, ಮಗುವಿನ ಚಿಕಿತ್ಸಾವಧಿ 'ಬಂದಳು' ಕಲಿಸುವುದರಲ್ಲೇ ಕಳೆಯುತ್ತದೆ. ಆದ್ದರಿಂದ ವಿರಾಜಪೇಟೆಯ ಮಗುವಿನ ಅಂಕವನ್ನು ಹೋಲಿಸಬೇಕಾದದ್ದು ಅದೇ ಮನೆಮಾತಿನ, ಅಷ್ಟೇ ಕಾಲ ಕನ್ನಡ ಕೇಳಿದ ಇತರ ಮಕ್ಕಳೊಂದಿಗೆ. ಕನ್ನಡವೊಂದನ್ನೇ ಆಡುವ ಮೈಸೂರಿನ ಮಗುವಿನೊಂದಿಗಲ್ಲ.